ಟಪಾಲಿಗೆ ಹೋದ ಬಸವನಹುಳುಗಳು

ಸವಣೂರಿನ ಎಲೆಬಳ್ಳಿ ತೋಟದ ಬಂದೇಸಾಬನ ಹೆಂಡತಿ ಶಾಕೀರಾಳಿಗೆ ನಲವತ್ತು ದಾಟಿತ್ತು. ಕೈಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಕೌದಿ ಹೊಲಿದರೆ ಹೊಲಿಗೆಯ ಸಾಲು ಗೆರೆ ಎಳೆದ ಹಾಗೆ, ಶ್ಯಾವಿಗೆ ಹೊಸೆದರೆ ಕೂದಲೆಳೆಯ ಹಾಗೆ. ಅದನ್ನು ನಾಲ್ಕು ಜನ ಬಾಯಿಬಿಟ್ಟು ಹೇಳಬೇಕು, ಅವಳು ಕಿವಿಯಾರೆ ಕೇಳಬೇಕು. ಹೇಳದಿದ್ದರೆ ಮುಖ ಬಾಡುತ್ತಿತ್ತು. ಯಾರಾದರೂ ಕುಂದು ತೆಗೆದರಂತೂ ಮಾತೇ ನಿಂತುಹೋಗುತ್ತಿತ್ತು.

ಮಳೆಗಾಲ ಹಿಡಿದರೆ ತೋಟದ ತಂಪಿಗೆ ಬಸವನಹುಳುಗಳು ಏಳುತ್ತಿದ್ದವು. ಕುಡಿ ಎಲೆ ಕೊರೆಯುತ್ತವೆ ಎಂದು ಆಳುಗಳು ಅವನ್ನು ಆಯ್ದು ಸುಣ್ಣದ ಗುಂಡಿಗೆ ಎಸೆಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಶಾಕೀರಾ ಆ ಗುಂಡಿಯ ಅಂಚಿನಿಂದ ಒಂದನ್ನು ಎತ್ತಿಕೊಂಡು ಬಂದಿದ್ದಳು. ಪಾಪ ಅನ್ನಿಸಿತ್ತೋ, ಚಿಪ್ಪಿನ ಮೇಲಿನ ಬಿಳಿ ಸುತ್ತು ಚಂದ ಕಂಡಿತ್ತೋ, ಅವಳಿಗೇ ಗೊತ್ತಿಲ್ಲ. ವರ್ಷ ವರ್ಷ ಒಂದೆರಡು ಕೂಡುತ್ತ ಬಂದು ಈಗ ಹಿತ್ತಿಲಿನ ಒಡಕು ಮಣ್ಣಿನ ಹರವಿಯ ತುಂಬ ಅವೇ ಇದ್ದವು. ಕೆಳಗೆ ಹಸಿ ಮಣ್ಣು, ಮೇಲೆ ಒದ್ದೆ ಗೋಣಿ, ತಿನ್ನಲು ಸೌತೆಕಾಯಿಯ ಸಿಪ್ಪೆ. ಎಲ್ಲಕ್ಕಿಂತ ದೊಡ್ಡದಕ್ಕೆ ಸುಬೇದಾರ ಎಂದು ಹೆಸರಿಟ್ಟಿದ್ದಳು. ಅಂಗೈಯ ಮೇಲೆ ಇಟ್ಟುಕೊಂಡು ಉಸಿರು ಬಿಟ್ಟರೆ ಸಾಕು, ಅದು ಕೋಡು ಚಾಚಿ ಹೊರಗೆ ಬರುತ್ತಿತ್ತು.

೧೯೩೭ರ ಪಂಚಮಿಗೆ ವೀರವ್ವ ತವರಿಗೆ ಬಂದಳು. ಶಾಕೀರಾಳ ತವರೂ ಸವಣೂರೇ. ಇಬ್ಬರೂ ಒಂದೇ ಗೋಡೆಯ ಆಚೆ ಈಚೆ ಬೆಳೆದವರು. ವೀರವ್ವನನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಹಿಂದಿನ ವರ್ಷ ಅಟ್ಟದ ಏಣಿಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದಳು. ಆಗಿನಿಂದ ಕೋಲು ಊರಿ ನಡೆಯುವುದು, ದಿನವೆಲ್ಲ ಹಿತ್ತಿಲಲ್ಲಿ ಕೂತಿರುವುದು. ಹರವಿಯ ಮುಂದೆ ಕೂತವಳು ಬಹಳ ಹೊತ್ತು ಏಳಲಿಲ್ಲ.

"ನನ್ನಂಗ ನಡೀತಾವ ನೋಡ, ಅವಸರನ ಇಲ್ಲ" ಎಂದು ನಕ್ಕಳು. "ಎರಡು ನನಗ ಕೊಡ ಶಾಕೀರಾ. ಹಿತ್ತಲದಾಗ ಇಟ್ಕೊಂಡ್ರ ನಿನ್ನ ಜೋಡಿ ಕುಂತಂಗ ಆಕ್ಕತಿ. ಇಲ್ಲೇ ಒಂದು ಗಡಿಗ್ಯಾಗ ಹಾಕಿ ಕೊಡ, ಒಯ್ತೇನಿ."

"ಗಡಿಗ್ಯಾಗ? ಹಿಂಗ ಕೊಟ್ಟು ಕಳಿಸಲೇನು ನಿನಗ?" ಎಂದಳು ಶಾಕೀರಾ. "ಟಪಾಲಿಗೆ ಹಾಕ್ತೇನಿ. ಪಾರ್ಸೆಲ್ ಬಿಚ್ಚಿದ್ರ ನಿಮ್ಮತ್ತಿ ಕಣ್ಣು ಅರಳಿಸಿ ನೋಡಬೇಕು!"

ವೀರವ್ವ ಊರಿಗೆ ಹೋದ ಮೇಲೆ ಶಾಕೀರಾ ಪೆಟ್ಟಿಗೆಯ ತಳದಿಂದ ಮುಂಬಯಿಯ ಬಿಸ್ಕೀಟಿನ ಡಬ್ಬಿ ತೆಗೆದಳು. ಮೈತುಂಬ ಗುಲಾಬಿ ಹೂವಿನ ಚಿತ್ರ, ಉಗುರು ತೂರದಷ್ಟು ಬಿಗಿಯಾದ ಮುಚ್ಚಳ. ಒಳಗೆ ಬಣ್ಣದ ಅರಳೆ ಹಾಸಿ ಅದರ ಮೇಲೆ ಅತ್ತರು ಚಿಮುಕಿಸಿದಳು. ಸುಬೇದಾರನನ್ನೂ ಅದರ ಜೊತೆಗೊಂದನ್ನೂ ಇಟ್ಟಳು. ಎಲೆಯ ಪೆಂಡಿ ಕಟ್ಟುತ್ತಿದ್ದ ಬಂದೇಸಾಬ ತಲೆ ಎತ್ತಿ ನೋಡಿದ.

"ಮುಚ್ಚಳಕ್ಕ ನಾಕು ತೂತಾರ ಹೊಡಿ. ಎಲಿ ಕಳಸುವಾಗ ನಾವು ಬುಟ್ಟಿಗೆ ಗಾಳಿ ಬಿಡ್ತೇವಿ, ಇವಕ್ಕ ಜೀವ ಐತಿ."

"ಹೂವಿನ ಮ್ಯಾಲ ಮೊಳಿ ಹೊಡೀಲಿ? ನಿಮ್ಮ ಎಲಿ ಸಂತಿಗೆ ಹೋಗ್ತಾವ. ಇವು ನನ್ನ ಗೆಳತಿ ಮನಿಗೆ ಹೊಂಟಾವ."

ಅಂದಿನಿಂದ ಒಂದು ವಾರ ಅವಳು ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ. ಡಬ್ಬಿಗೆ ಹಸಿರು ರೇಶ್ಮೆಯ ಹೊದಿಕೆ ಹೊಲಿದು ಅಂಚಿಗೆ ಜರಿ ಕೂಡಿಸಿದಳು. ಟಪಾಲಿನ ಗುಮಾಸ್ತ ಅದನ್ನು ಎರಡೂ ಕೈಯಲ್ಲಿ ಹಿಡಿದು "ಮದುವಿ ಉಡುಗೊರಿ ಏನ್ರಿ?" ಎಂದು ಕೇಳಿದ. ಆ ಮಾತನ್ನು ಶಾಕೀರಾ ಓಣಿಯ ಪ್ರತಿ ಮನೆಯಲ್ಲೂ ಹೇಳಿದಳು.

ಹಿರೇಕೆರೂರಿನ ಸಂತೆಗೆ ಎಲೆ ಒಯ್ಯುತ್ತಿದ್ದ ದಾವಲಬಿ ಮರಳಿ ಬಂದಾಗ ಸುದ್ದಿ ತಂದಳು. "ವೀರವ್ವಾರು ಹೇಳಿ ಕಳಿಸ್ಯಾರ. ಹುಳ ಬಂದು ಮುಟ್ಟಿದ್ವಂತ, ಛಲೋ ಅದಾವಂತ." ಹೇಳಿದವಳೇ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು. ಇನ್ನಷ್ಟು ಕೇಳಬೇಕೆಂದಿದ್ದ ಶಾಕೀರಾಳಿಗೆ ಅಷ್ಟೇ ಸಾಕಾಯಿತು.

ಅಲ್ಲಿಂದ ಅವಳಿಗೆ ಹುರುಪು ಏರಿತು. ಗಂಡನಿಂದ ಎಲೆ ಕೊಳ್ಳುತ್ತಿದ್ದ ಶಿಗ್ಗಾಂವದ ಅಂಗಡಿಕಾರ ಅಜ್ಜಪ್ಪನ ಮನೆಗೆ ಒಂದು ಜೋಡಿ ಹೋಯಿತು. ಹಾನಗಲ್ಲಿನಲ್ಲಿದ್ದ ನಾದಿನಿ ಕುಲಸುಮಬಿಗೆ ಇನ್ನೊಂದು ಜೋಡಿ. ಎರಡೂ ಅಂಥದೇ ಡಬ್ಬಿಯಲ್ಲಿ, ಅಂಥದೇ ಅರಳೆಯ ಮೇಲೆ, ಅಂಥದೇ ಜರಿಯ ಹೊದಿಕೆಯಲ್ಲಿ. "ಹೆಂಗಾದುವು?" ಎಂದು ಕೇಳಿದರೆ ಬಂದೇಸಾಬ "ಮುಟ್ಟಿದ್ವಂತ" ಎಂದು ಹೇಳಿ ತೋಟದ ಕಡೆ ಹೋಗುತ್ತಿದ್ದ.

ಚಳಿ ಬಿದ್ದ ಮೇಲೆ ಹಿರೇಕೆರೂರಿನಲ್ಲಿ ಬಂದೇಸಾಬನ ಬಳಗದಲ್ಲೊಂದು ಮದುವೆ ಬಂತು. ಹೆಣ್ಣುಮಕ್ಕಳ ನಡುವೆ ಕೂತು ಶಾಕೀರಾ ಹುಳುಗಳ ಮಾತು ತೆಗೆದಳು. "ಕಾಗದ ಹೋದಂಗ ಹೋಗ್ತಾವ ನನ್ನ ಕಡಿಂದ. ಒಂದಕ್ಕರ ಏನಾರ ಆಗೇತೇನು! ಬೇಕಾದ್ರ ಕುಲಸುಮನ್ನ ಕೇಳ್ರಿ, ಇಲ್ಲೇ ಕುಂತಾಳ." ಕುಲಸುಮಬಿ ತಟ್ಟೆಯಲ್ಲಿದ್ದ ಅನ್ನವನ್ನು ಕೆದರುತ್ತ "ಹೌದು ಭಾಬಿ, ಛಲೋ ಅದಾವ" ಎಂದಳು. ಪಕ್ಕದಲ್ಲಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಕೀರಾ ಅದನ್ನು ಕಂಡಳು. ಹೊಟ್ಟೆಕಿಚ್ಚು ಅಂದುಕೊಂಡಳು.

ಊಟ ಮುಗಿಸಿ ನೇರವಾಗಿ ವೀರವ್ವನ ಮನೆಗೆ ನಡೆದಳು. ಹೇಳದೆ ಬಂದ ಗೆಳತಿಯನ್ನು ಕಂಡು ವೀರವ್ವನಿಗೆ ಎಷ್ಟು ಹಿಗ್ಗಾಯಿತೋ ಅಷ್ಟೇ ಗಾಬರಿಯೂ ಆಯಿತು. ಚಾಪೆ ಹಾಸಿದಳು, ನೀರು ಕೊಟ್ಟಳು, ಮದುವೆಯ ಸುದ್ದಿ ಕೇಳಿದಳು, ಬೆಲ್ಲ ಶೇಂಗಾ ತರಲು ಒಳಗೆ ಹೋಗಿ ಬಹಳ ಹೊತ್ತು ತಡೆದಳು.

"ನನ್ನ ಸುಬೇದಾರ ಎಲ್ಲಿ?" ಎಂದು ಶಾಕೀರಾ ಎದ್ದಳು.

"ಈಗ ಬ್ಯಾಡ. ಮಲಗ್ಯಾವ. ಚಳಿಗೆ ಹೊರಗ ಬರೂದಿಲ್ಲ."

"ನಾ ಉಸಿರು ಬಿಟ್ರ ಬರ್ತೈತಿ, ನೋಡ."

ಹಿತ್ತಿಲಿನ ಮೂಲೆಯಲ್ಲಿ, ನೆರಳಿನಲ್ಲಿ, ಒಂದು ಅಗಲ ಬಾಯಿಯ ಗಡಿಗೆ ಇತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಶೇಂಗಾದ ತಟ್ಟೆ ಹಿಡಿದು ವೀರವ್ವ ಹಿಂದೆ ಬರುವಷ್ಟರಲ್ಲಿ ಶಾಕೀರಾ ಮುಚ್ಚಿದ ಬಟ್ಟೆಯನ್ನು ಸರಿಸಿಬಿಟ್ಟಿದ್ದಳು. ಒಳಗೆ ಹಸಿ ಮಣ್ಣು ಹಾಸಿತ್ತು. ಸೌತೆಕಾಯಿಯ ಸಿಪ್ಪೆಯೂ ಇತ್ತು, ಯಾವಾಗಲೋ ಹಾಕಿದ್ದು, ಕಚ್ಚಿದ ಗುರುತೇ ಇಲ್ಲದೆ ಒಣಗಿ ಸುರುಟಿಕೊಂಡಿತ್ತು. ಒಂದು ಬದಿಗೆ ಜೊತೆಯ ಹುಳುವಿನ ಚಿಪ್ಪು, ನಡುವೆ ಸುಬೇದಾರನದು. ಎತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಹೂವಿನ ಎಸಳಿನಷ್ಟು ಹಗುರ. ಬಾಯಿಯೊಳಗೆ ಬೆಳಕು ಕಾಣುತ್ತಿತ್ತು. ಯಾರೋ ಅದನ್ನು ಒಳಗೂ ಹೊರಗೂ ತೊಳೆದು, ಒರೆಸಿ, ಜೀವವಿದ್ದಾಗ ಕೂರುವ ಹಾಗೆ ಕೂರಿಸಿದ್ದರು.

"ಡಬ್ಬಿ ತೆಗೆದಾಗನ ವಾಸನಿ ಬಂತು" ಎಂದಳು ವೀರವ್ವ ಮೆಲ್ಲಗೆ. "ಅರಳಿ ಎಲ್ಲಾ ಅಂಟಾಗಿತ್ತು. ಅತ್ತಿಯಾರು ಎಸಿ ಅಂದ್ರು. ನಾ ಚಿಪ್ಪು ಇಟ್ಕೊಂಡೆ."

"ಛಲೋ ಅದಾವ ಅಂತ ಹೇಳಿ ಕಳಿಸಿದಿ."

"ಹೂಂ."

"ಯಾಕ?"

ವೀರವ್ವ ಗೋಡೆಗೆ ಒರಗಿ ಕೂತಳು. "ಸಣ್ಣವರಿದ್ದಾಗ ನಿನ್ನ ಕೌದಿದು ಒಂದು ಅಂಚು ಡೊಂಕಾಗೇತಿ ಅಂದಿದ್ದೆ, ನೆನಪೈತಿ? ನನ್ನ ಮದುವಿಗೆ ಸುದ್ಧಾ ನೀ ಬರಲಿಲ್ಲ. ಮತ್ತ ಹಂಗಾದ್ರ ಅಂತ ಅಂಜಿಕಿ ಬಂತು. ದಾವಲಬಿನೂ ಅದನ್ನ ಹೇಳಿದ್ಲು, ಆಕಿಗೆ ಹೇಳಬ್ಯಾಡ್ರಿ ಅಂತ."

ಅಂದರೆ ದಾವಲಬಿಗೂ ಗೊತ್ತಿತ್ತು. ಶಾಕೀರಾಳ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿ ಹರಿಯಿತು. ತಟ್ಟೆ ಕೆದರುತ್ತಿದ್ದ ಕುಲಸುಮಬಿಯ ಬೆರಳುಗಳು ಕಣ್ಣ ಮುಂದೆ ಬಂದವು. ಪಕ್ಕದ ಇಬ್ಬರ ನೋಟ ಬಂತು. ಅದು ಹೊಟ್ಟೆಕಿಚ್ಚಲ್ಲ, ಕನಿಕರ. ಆ ಹೊತ್ತಿಗೆ ಅವಳಿಗೆ ಬೈಗುಳ ಬೇಕಾಗಿತ್ತು. ವೀರವ್ವ ಬೈಯಲಿಲ್ಲ. ಶೇಂಗಾದ ತಟ್ಟೆಯನ್ನು ಹತ್ತಿರ ಸರಿಸಿದಳು. ಶಾಕೀರಾ ಚಿಪ್ಪನ್ನು ಗಡಿಗೆಯಲ್ಲಿ ಮೊದಲಿದ್ದ ಹಾಗೆಯೇ ಇಟ್ಟಳು.

ಊರಿಗೆ ಬರುವ ಮೋಟಾರಿನಲ್ಲಿ ಬುರ್ಖಾದ ಮುಸುಕನ್ನು ಗಲ್ಲದ ತನಕ ಎಳೆದುಕೊಂಡು ಕೂತಿದ್ದಳು. ತನ್ನನ್ನು ಯಾರೂ ನೋಡದಿದ್ದರೆ ಸಾಕಿತ್ತು. ಮನೆಗೆ ಬಂದವಳು ಕಾಲು ತೊಳೆಯದೆ ಗಂಡನ ಮುಂದೆ ನಿಂತಳು.

"ಶಿಗ್ಗಾಂವದ್ದು?"

ಬಂದೇಸಾಬ ಒದ್ದೆ ಎಲೆಗಳನ್ನು ಜೋಡಿಸುತ್ತಿದ್ದ ಕೈ ನಿಲ್ಲಿಸಿದ. "ಸತ್ತಿದ್ವು. ಅಜ್ಜಪ್ಪ ಹೇಳಿದ."

"ಹಾನಗಲ್ಲದ್ದು?"

"ಅವೂನೂ."

"ಹಾನಗಲ್ಲದ್ದು ಹೊಲಿಯುವಾಗರ ಹೇಳಬೇಕಿತ್ತಲ್ಲ. ನೀವರ ಹೇಳಬೇಕಿತ್ತಲ್ಲ."

"ತೂತು ಹೊಡಿ ಅಂದದ್ದಕ್ಕನ ವಾರಗಟ್ಲೆ ಮಾರಿ ತಿರುವಿದಿ. ಸತ್ತಾವ ಅಂದಿದ್ರ?" ಸಿಟ್ಟಿನಿಂದ ಹೇಳಲಿಲ್ಲ ಅವನು. ಬಹಳ ವರ್ಷದ ದಣಿವು ಆ ದನಿಯಲ್ಲಿತ್ತು. ಅದೇ ಅವಳನ್ನು ಹೆಚ್ಚು ನಾಚಿಸಿತು. ಹುಳು ಸತ್ತದ್ದು ಡಬ್ಬಿಯಿಂದ. ಇಷ್ಟು ಜನ ಸುಳ್ಳು ಹೇಳಬೇಕಾಗಿ ಬಂದದ್ದು ತನ್ನಿಂದ.

ಬೇಸಿಗೆ ಪೂರ್ತಿ ಅವಳು ಯಾರ ಮನೆಗೂ ಹೋಗಲಿಲ್ಲ. ಹರವಿಯ ಗೋಣಿಗೆ ದಿನವೂ ನೀರು ಚಿಮುಕಿಸುತ್ತಿದ್ದಳು, ಆದರೆ ಗೋಣಿ ಎತ್ತಿ ನೋಡುತ್ತಿರಲಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು ಹುಳುಗಳ ಮಾತು ತೆಗೆದರೆ ಒಲೆ ನೋಡುವ ನೆವ ಹೇಳಿ ಒಳಗೆ ಸರಿಯುತ್ತಿದ್ದಳು.

ಮತ್ತೆ ಮಳೆ ಹಿಡಿದಾಗ ಒಂದು ಬೆಳಿಗ್ಗೆ ತೋಟದ ಗುಡಿಸಲಿಗೆ ಹೋಗಿ ಗಂಡನ ಎದುರು ಕುಕ್ಕರಗಾಲಲ್ಲಿ ಕೂತಳು. "ಎಲಿ ಬುಟ್ಟಿ ಹೆಂಗ ಕಟ್ತೀರಿ, ತೋರಸ್ರಿ."

ಅವನು ತೋರಿಸಿದ. ಬಿದಿರಿನ ಸಣ್ಣ ಬುಟ್ಟಿ. ಒಳಸುತ್ತಿಗೆ ಬಾಳೆಯ ಪಟ್ಟೆ, ನೀರಲ್ಲಿ ಅದ್ದಿ ಹಿಂಡಿದ್ದು. ತಂಪು ಇರಬೇಕು, ನೀರು ನಿಲ್ಲಬಾರದು. ಅವಳು ಹಾಗೇ ಕಟ್ಟಿ ಎರಡು ಹುಳು ಇಟ್ಟಳು. ಈ ಸಲ ಟಪಾಲಿಗೆ ಒಯ್ಯಲಿಲ್ಲ. ಪಾರ್ಸೆಲ್ ದಾರಿಯಲ್ಲಿ ಎಷ್ಟು ದಿನ ಇರುತ್ತದೋ ಅಷ್ಟು ದಿನ ತನ್ನ ಅಟ್ಟದ ಮೇಲೆಯೇ ಇಟ್ಟಳು. ಬಿಚ್ಚಿದಾಗ ಒಂದು ಹುಳು ಬುಟ್ಟಿಯ ಗೋಡೆಗೆ ಅಂಟಿತ್ತು. ಇನ್ನೊಂದು ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ಕಲ್ಲಿನ ಹಾಗೆ ಬಿದ್ದಿತ್ತು. ಇದನ್ನೂ ಕೊಂದೆ ಅಂದುಕೊಂಡಳು. ಸುಮ್ಮನೆ ಎರಡು ಹನಿ ನೀರು ಬಿಟ್ಟಳು. ಬಹಳ ಹೊತ್ತಿನ ಮೇಲೆ ಪೊರೆ ಹರಿದು ಒಂದು ಕೋಡು ಹೊರಗೆ ಬಂತು. ಶಾಕೀರಾ ಅಟ್ಟದ ಮೇಲೆಯೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮರುವಾರ ವೀರವ್ವನಿಗೆಂದು ಬುಟ್ಟಿಗೆ ಬರೀ ಹುರಿ ಬಿಗಿದು ಟಪಾಲಿಗೆ ಒಯ್ದಳು. ಗುಮಾಸ್ತ ನೋಡಿ ನಕ್ಕ. "ಯಾಕ್ರಿ, ಈ ಸಲ ಜರಿ ಇಲ್ಲ?"

ಹಿಂದೆ ನಾಲ್ಕು ಜನ ನಿಂತಿದ್ದರು. ಶಾಕೀರಾ ಒಮ್ಮೆ ತಿರುಗಿ ನೋಡಿದಳು. "ಜರಿ ಡಬ್ಬಿಯೊಳಗಿನವು ಸತ್ತುಹೋದ್ವು ರೀ" ಎಂದಳು. "ಗಾಳಿ ಇರಲಿಲ್ಲ. ನನ್ನ ತಪ್ಪು." ಯಾರೂ ನಗಲಿಲ್ಲ. ಗುಮಾಸ್ತ ಬುಟ್ಟಿಯನ್ನು ಬೇರೆ ಗಂಟುಗಳ ಕೆಳಗೆ ಇಡದೆ ಮೇಲೆ ಇಟ್ಟ.

ಸಂತೆಗೆ ಹೊರಟ ದಾವಲಬಿಗೆ ಅವಳು ಕೈ ಹಿಡಿದು ಹೇಳಿದಳು: "ಸತ್ತಿದ್ರ ಸತ್ತಾವ ಅಂತನ ಹೇಳಬೇಕು. ಅಲ್ಲಾನ ಆಣಿ."

ಮರಳಿ ಬಂದ ದಾವಲಬಿ ಹೊಸ್ತಿಲ ಹೊರಗೇ ನಿಂತು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದಳು. "ಒಂದು ಬದುಕೇತಿ. ವೀರವ್ವಾರ ಕೈ ಮ್ಯಾಲ ಹರದಾಡಾಕತ್ತಿತ್ತು, ನಾನ ಕಣ್ಣಾರೆ ನೋಡೇನಿ. ಇನ್ನೊಂದರದು ಚಿಪ್ಪು ಒಡದಿತ್ತು."

ಶಾಕೀರಾಳ ಮುಖಕ್ಕೆ ಮತ್ತೆ ಅದೇ ಬಿಸಿ ಏರಿತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆಂದು ಕಾಲು ಎಳೆಯಿತು. ಅವಳು ಹೋಗಲಿಲ್ಲ. ಚಾಪೆ ತಂದು ಹಾಸಿದಳು.

"ಒಳಗ ಬಾ, ಕುಂಡ್ರು. ಹೆಂಗ ಒಡದಿತ್ತು?"

"ಹುರಿ ಭಾಳ ಬಿಗಿದೀರಿ ಅಂದ್ರು ವೀರವ್ವಾರು. ಬುಟ್ಟಿ ನಡೂ ತಗ್ಗಾಗಿತ್ತು." ದಾವಲಬಿ ಅವಳ ಮುಖ ನೋಡಿದಳು, ಮಾತು ನಿಲ್ಲಿಸಿದಳು.

"ಹೇಳು" ಎಂದಳು ಶಾಕೀರಾ, ನೆಲ ನೋಡುತ್ತ. "ಮತ್ತೇನಂದ್ಲು?"