ಗಾಳೆಮ್ಮನ ಎರಡು ಸಾಲು

ಅಯ್ಯೋ ಪಾಪ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನಲು ನಾಲಿಗೆಯೊಂದಿದ್ದರೆ ಸಾಕು, ಕೈಕಾಲು ಅಲುಗಿಸಬೇಕಿಲ್ಲ. ನಮ್ಮ ನವಲಿಯಲ್ಲಿ ಗಾಳೆಮ್ಮನ ಮಗಳು ಗಂಗಾಳನ್ನು ನೋಡಿ ಪಾಪ ಅಂದವರನ್ನೆಲ್ಲ ಕೂರಿಸಿದರೆ ನನ್ನ ಟಂಟಂ ಗಾಡಿ ಎಷ್ಟೋ ಸಲ ತುಂಬೀತು. ಆ ಮಗುವನ್ನು ಅರ್ಧ ತಾಸು ಎತ್ತಿಕೊಂಡವರನ್ನಷ್ಟೇ ಕೂರಿಸುತ್ತೇನೆಂದರೆ ಖಾಲಿ ಗಾಡಿಯನ್ನೇ ಓಡಿಸಬೇಕಿತ್ತು.

ಗಂಗಾಳಿಗೆ ಏಳು ವರ್ಷ. ಹುಟ್ಟಿದಾಗ ಅಳಲು ತಡಮಾಡಿದ ಮಗು. ಕೈಕಾಲು ಬಿಗಿ, ಕುತ್ತಿಗೆ ನಿಲ್ಲುವುದಿಲ್ಲ, ಮಾತಿಲ್ಲ. ನಗು ಮಾತ್ರ ಓಣಿಗೆಲ್ಲ ಹಂಚಿದರೂ ಮಿಗುವಷ್ಟಿತ್ತು. ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ನುಂಗುವುದು. ನೆಟ್ಟಗೆ ಕೂರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಿ ಹಿಡಿದು, ಗಟ್ಟಿ ಅಂಬಲಿಯನ್ನು ಚಮಚದ ತುದಿಯಲ್ಲಿ ಬಾಯಿಗಿಟ್ಟು, ಅವಳು ನುಂಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಅಂಬಲಿ ಶ್ವಾಸಕ್ಕೆ ಹೋಗುತ್ತದೆ. ಗಂಗಾವತಿಯಲ್ಲಿ ಇಂಥ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಖುಷ್ಬು ಮೇಡಂ ಇದನ್ನು ಗಾಳೆಮ್ಮನಿಗೆ ಕಲಿಸಿದ್ದರು. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಹಾಗಾಗಿ ಗಾಳೆಮ್ಮ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು.

ಇದೇ ಗಾಳೆಮ್ಮ ಒಂದು ಕಾಲಕ್ಕೆ ಭತ್ತದ ನಾಟಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ನವಲಿಯ ಹೆಂಗಸರನ್ನು ಶ್ರೀರಾಮನಗರದ ಕಡೆಯ ಗದ್ದೆಗಳಿಗೆ ಕರೆದೊಯ್ಯುವುದು ನನ್ನ ಕೆಲಸ. ಆ ಗುಂಪಿನ ಯಜಮಾನಿ ದುರುಗವ್ವ. ಅವಳ ಬಾಯಿಗೆ ಹೆದರಿ ನನ್ನ ಗಾಡಿಯೂ ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಈ ಸಲ ನಾಟಿ ಶುರುವಾದ ದಿನ ಅವಳು ಗಾಳೆಮ್ಮನ ಮನೆ ಮುಂದೆ ಗಾಡಿ ನಿಲ್ಲಿಸೆಂದಳು.

"ಏ ಗಾಳೆಮ್ಮ, ಬಾ. ನಾಟಿ ಸುರು ಆಗೈತಿ."

"ಹ್ಯಾಂಗ ಬರ್ಲಿ ಅಕ್ಕಾ? ಇಕಿನ್ನ ಯಾರು ನೋಡ್ಕೊಂತಾರ?"

"ನಾ ಕೇಳಿದ್ದು ಅದಲ್ಲ. ನಿನಗ ಬರಾಕ ಮನಸೈತೋ ಇಲ್ಲೋ?"

ಗಾಳೆಮ್ಮ ಸೆರಗಿನ ತುದಿ ತಿರುವುತ್ತ ನಿಂತಳು. "ಹಗಲೆಲ್ಲ ಮನ್ಯಾಗ ನಾನು, ಇಕಿ, ನಾಕು ಗ್ವಾಡಿ. ಈಗೀಗ ಗ್ವಾಡಿ ಕೂಡ ಮಾತಾಡಾಕ ಹತ್ತೀನಕ್ಕ. ಮಂದಿ ನಡುವ ನಿಂತು ಒಂದಿನ ಸಸಿ ಹಚ್ಚಬೇಕಂತ ಜೀವ ಚಡಪಡಿಸತೈತಿ."

"ಹಂಗಾರ ಮಗಳನ್ನ ಎತ್ಕೊಂಡು ಗಾಡಿ ಹತ್ತು."

ದುರುಗವ್ವ ಮಾಡಿದ ಕಟ್ಟಳೆ ಇದು. ದಿನಕ್ಕೊಬ್ಬಳು ಗದ್ದೆಗೆ ಇಳಿಯದೆ ಬದುವಿನ ಮೇಲೆ ಗಂಗಾಳ ಜೊತೆ ಕೂರಬೇಕು. ಅವಳು ಬಿಟ್ಟ ಸಾಲನ್ನು ಗಾಳೆಮ್ಮ ತನ್ನ ಸಾಲಿನ ಜೊತೆಗೆ ಹಚ್ಚಬೇಕು. ಊಟ ಮಾಡಿಸುವ ಹೊತ್ತಿಗೆ ಮಾತ್ರ ತಾಯಿಯೇ ಮೇಲೆ ಬರಬೇಕು. "ಇದು ದಾನ ಧರ್ಮ ಅಲ್ಲ. ಮುಯ್ಯಾಳು. ನಮ್ಮ ಆಳು ನಿನಗ, ನಿನ್ನ ಆಳು ನಮಗ," ಅಂದಳು. ಬೀಜಗಣಿತ ಓದದಿದ್ದರೂ ಈ ಲೆಕ್ಕ ಎಲ್ಲರಿಗೂ ತಿಳಿಯಿತು. ಗಾಳೆಮ್ಮನ ಗಂಡನ ಹೆಸರು ಯಮನೂರ, ಅಕ್ಕಿ ಗಿರಣಿಯಲ್ಲಿ ಹಮಾಲ. ಅವನು ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ ಹೊಲಿದು, ಮಗಳು ಒರಗಿ ಕೂರುವಂಥ ಗಾದಿ ಮಾಡಿಕೊಟ್ಟ.

ಎರಡು ಸಾಲು ಹಿಡಿದು ಹಿಂದಕ್ಕೆ ಸರಿಯುತ್ತ ಸಸಿ ಹಚ್ಚುವ ಗಾಳೆಮ್ಮನನ್ನು ನೋಡಬೇಕಿತ್ತು. ಇಷ್ಟು ದಿನ ಬಾಯಿ ಕಟ್ಟಿದ್ದವಳು ಹಾಡಿದಳು, ಬೈದಳು, ಬೈಸಿಕೊಂಡಳು. ಬದುವಿನ ಮೇಲೆ ಗಂಗಾ ಕೇಕೆ ಹಾಕುತ್ತಿದ್ದಳು. ನನಗಂತೂ ಗಾಡಿಯ ನೆರಳಲ್ಲಿ ನಿದ್ದೆ ಮಾಡುವುದೇ ಮರೆತುಹೋಯಿತು.

ಆಮೇಲೆ ಹನುಮಂತಮ್ಮನ ಪಾಳಿ ಬಂತು. ಹನುಮಂತಮ್ಮ ಗುಂಪಿನಲ್ಲೇ ಹಿರಿಯಳು, ಗಾಳೆಮ್ಮ ಅವಳನ್ನು ಅತ್ತಿ ಎಂದೇ ಕರೆಯುತ್ತಿದ್ದಳು. ಓಣಿಯ ಅರ್ಧ ಮಕ್ಕಳು ಅವಳ ಕಾಲ ಮೇಲೆಯೇ ನೀರು ಎರೆಸಿಕೊಂಡು ಬೆಳೆದವರು. ಅವತ್ತು ಗಾಳೆಮ್ಮ ಗದ್ದೆಯ ಆ ತುದಿಯಲ್ಲಿದ್ದಳು. ಗಂಗಾ ಹಸಿದು ಅಳತೊಡಗಿದಳು. ದುಡಿಯುವವಳನ್ನು ಯಾಕೆ ಕೂಗುವುದೆಂದು ಮುದುಕಿ ತನ್ನ ಗಂಟಿನಿಂದ ಹಿತ್ತಾಳೆಯ ಒಳಲೆ ತೆಗೆದಳು. ಕೂಸುಗಳಿಗೆ ಹಾಲು, ಅಂಬಲಿ ಕುಡಿಸುವ ಮೂತಿಯ ಬಟ್ಟಲು ಅದು. ಪ್ರೀತಿಯಿಂದ ತಿಕ್ಕಿ ತಂದಿದ್ದಳು. ಕಾಲು ಚಾಚಿ, ಗಂಗಾಳನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಂಬಲಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಬಾಯಿಗೆ ಹುಯ್ದಳು. ನಾವೆಲ್ಲ ಹಾಗೆಯೇ ಕುಡಿದು ಬೆಳೆದವರು. ಯಾರಾದರೂ ಅದನ್ನು ತಪ್ಪು ಅಂದಾರೆಯೇ?

ಗಂಗಾಳ ಅಳು ತಟ್ಟನೆ ನಿಂತಿತು. ತುಟಿ ನೀಲಿಯಾದವು. ಹನುಮಂತಮ್ಮ ಚೀರಿದ್ದಕ್ಕೆ ಗಾಳೆಮ್ಮ ಕೆಸರು ಸೀಳಿಕೊಂಡು ಓಡಿ ಬಂದಳು. ಮಗಳನ್ನು ಬೋರಲು ಹಾಕಿ ಬೆನ್ನು ಗುದ್ದಿದಳು. ಉಸಿರು ಅರ್ಧಂಬರ್ಧ ಬಂತು. ಹಾರ್ನಿನ ಮೇಲಿಂದ ಕೈ ತೆಗೆಯದೆ ನಾನು ಗಂಗಾವತಿಯ ದವಾಖಾನೆ ಮುಟ್ಟಿಸಿದೆ. ಡಾಕ್ಟರು ಜೀವ ಉಳಿಸಿದರು. ಆದರೆ ಶ್ವಾಸಕ್ಕೆ ಹೋದ ಅಂಬಲಿಯಿಂದ ಜ್ವರ ಬಂದು, ಮಗು ಕೆಲವು ದಿನ ಅಲ್ಲೇ ಇರಬೇಕಾಯಿತು.

ಊರಿಗೆ ಬಂದ ಗಾಳೆಮ್ಮ ಬಾಗಿಲು ಹಾಕಿಕೊಂಡಳು. "ಯಾರ ಮ್ಯಾಲೂ ಸಿಟ್ಟಿಲ್ಲಕ್ಕ. ಆದರ ಇನ್ನ ಇಕಿನ್ನ ಯಾರ ಕೈಗೂ ಕೊಡಂಗಿಲ್ಲ," ಅಂದಳು. ಪಾಪ ಅನ್ನುತ್ತಿದ್ದ ಮಂದಿ ಈಗ "ನಾವು ಮೊದಲ ಹೇಳಿದ್ವಿ" ಅನ್ನತೊಡಗಿದರು. ಏನು ಹೇಳಿದ್ದರೋ, ಯಾವಾಗ ಹೇಳಿದ್ದರೋ, ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಗುಂಪು ಗಾಡಿ ಹತ್ತಿತು. ಶ್ರೀರಾಮನಗರದ ದಾರಿ ಬಂದಾಗ ದುರುಗವ್ವ ನನ್ನ ಭುಜಕ್ಕೆ ತಿವಿದಳು. "ದ್ಯಾಮಣ್ಣ, ನೆಟ್ಟಗ ಗಂಗಾವತಿಗೆ ನಡಿ. ಖುಷ್ಬು ಮೇಡಂ ಕಡೆ."

ನಾಟಿಯ ಭರ. ಕಿತ್ತ ಸಸಿ ಗದ್ದೆಯಲ್ಲಿ ಕಟ್ಟುಕಟ್ಟಾಗಿ ಬಿದ್ದಿತ್ತು. ಇಂಥ ದಿನ ಹೆಂಗಸರು ಹೆರಿಗೆ ಬಿಟ್ಟು ಬೇರೆ ಕಾರಣಕ್ಕೆ ಕೆಲಸ ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಗದ್ದೆಯ ಸಾಹುಕಾರ ಫೋನಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೂಗಾಡಿದ. "ಸಸಿ ಮಧ್ಯಾಹ್ನಕೂ ಹಸರ ಇರತೈತ್ರಿ. ನೀರಾಗ ಇಡ್ರಿ, ಬರತೀವಿ," ಎಂದು ದುರುಗವ್ವ ಫೋನು ಕಟ್ ಮಾಡಿದಳು.

ಖುಷ್ಬು ಮೇಡಂ ಬೈಯುತ್ತಾರೆಂದುಕೊಂಡಿದ್ದೆ. ಅವರು ಚಾಪೆ ಹಾಸಿ, ದುರುಗವ್ವನನ್ನೇ ಅಂಗಾತ ಮಲಗಿಸಿ, ಬಾಯಿಗೆ ಒಂದು ಚಮಚ ನೀರು ಬಿಟ್ಟರು. ದುರುಗವ್ವ ಕೆಮ್ಮಿ ಕೆಮ್ಮಿ ಎದ್ದು ಕೂತಳು. ಕಣ್ಣಲ್ಲಿ ನೀರು. "ಯವ್ವಾ! ನುಂಗಾಕ ಬರೋ ನನಗ ಹಿಂಗಾದ್ರ, ಆ ಕೂಸಿಗೆ ಹ್ಯಾಂಗ ಆಗಿರಬೇಕ!" ಅಂದಳು. ಆಮೇಲೆ ಒಬ್ಬರನ್ನೊಬ್ಬರು ಕೂರಿಸಿಕೊಂಡು, ತಲೆ ಹಿಡಿದು ತಿನ್ನಿಸುವುದನ್ನು ಎಲ್ಲರೂ ಕಲಿತರು.

ಹನುಮಂತಮ್ಮ ಮಾತ್ರ ಹೊರಗಿನ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು. "ಈ ಕೈಲೇ ಕೂಸಿನ ಜೀವ ತಗೀತಿದ್ದೆ. ಈ ಕೈಗೆ ಏನೂ ಕಲಸಬ್ಯಾಡ್ರಿ." ಮೇಡಂ ಬಂದು ಅವಳ ಎದುರಿಗೇ ನೆಲದ ಮೇಲೆ ಕೂತು, ಚಮಚವನ್ನು ಅವಳ ಕೈಗಿಟ್ಟರು. "ಅಜ್ಜಿ, ನಾನ ಗಂಗಾ ಅಂತ ತಿಳ್ಕೊರಿ. ನನಗ ತಿನ್ನಸ್ರಿ." ಮುದುಕಿ ಅಳುತ್ತಲೇ ತಿನ್ನಿಸಿದಳು. ತಪ್ಪಿದಲ್ಲಿ ಮತ್ತೆ ಮಾಡಿದಳು. ಬಿಸಿಲು ಏರುವ ಹೊತ್ತಿಗೆ ಅವಳ ಕೈ ಹದಕ್ಕೆ ಬಂತು.

ಸಂಜೆ ಗುಂಪೆಲ್ಲ ಗಾಳೆಮ್ಮನ ಬಾಗಿಲಿಗೆ ಹೋಗಿ ನಡೆದದ್ದನ್ನು ಹೇಳಿತು. ಅವಳು ಕೇಳಿಸಿಕೊಂಡು ಮತ್ತೆ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ನಾನು ಹಾರ್ನ್ ಹೊಡೆದು ಕಾದೆ. ಯಾರೂ ಬರಲಿಲ್ಲವೆಂದು ಗೇರ್ ಹಾಕಿದಾಗ ಬಾಗಿಲು ತೆರೆಯಿತು. ಗಾಳೆಮ್ಮ ಮಗಳನ್ನು ಎತ್ತಿಕೊಂಡು ಬಂದು ಹತ್ತಿ ಕೂತಳು.

ಗದ್ದೆ ಮುಟ್ಟಿದ ಮೇಲೆ ದುರುಗವ್ವ, "ಇವತ್ತ ಕೂಸಿನ ಕೂಡ ನಾನ ಕುಂದರತೀನಿ," ಅಂದಳು.

"ಬ್ಯಾಡಕ್ಕ," ಅಂದಳು ಗಾಳೆಮ್ಮ. "ಅತ್ತಿ ಪಾಳಿ ಅರ್ಧಕ್ಕ ನಿಂತೈತಿ."

ಗೋಣಿಯ ಗಾದಿಗೆ ಮಗಳನ್ನು ಒರಗಿಸಿ, ಅಂಬಲಿಯ ಡಬ್ಬಿಯನ್ನೂ ಚಮಚವನ್ನೂ ಹನುಮಂತಮ್ಮನ ಮಡಿಲಿಗೆ ಹಾಕಿ, ಅವಳು ಗದ್ದೆಗೆ ಇಳಿದಳು.

ಉಣ್ಣುವ ಹೊತ್ತಾಯಿತು. ಗಾಳೆಮ್ಮ ಮೇಲೆ ಬರುತ್ತಾಳೆಂದು ಎಲ್ಲರೂ ನೋಡಿದರು. ಅವಳು ಬರಲಿಲ್ಲ. ಹನುಮಂತಮ್ಮ ಗಂಗಾಳ ತಲೆಯನ್ನು ಮುಂದಕ್ಕೆ ಬಾಗಿಸಿ ಹಿಡಿದಳು. ಸಸಿ ಹಿಡಿದ ಹೆಂಗಸರೆಲ್ಲ ನಿಂತಲ್ಲೇ ನಿಂತು ಬದುವಿನತ್ತ ನೋಡುತ್ತಿದ್ದರು. ನಾನು ಗಾಡಿಯಿಂದ ಇಳಿದು, ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದೆ. ಅಂಬಲಿ ಬಾಯಿಗೆ ಹೋಯಿತು. ಮುದುಕಿ ಕಾದಳು. ಇನ್ನೂ ಕಾದಳು. ಗಂಗಾಳ ಗಂಟಲು ಮೇಲೆ ಕೆಳಗೆ ಆಡಿತು. ಬಾಯಿ ಮತ್ತೆ ತೆರೆಯಿತು.

ಗಾಳೆಮ್ಮ ಒಬ್ಬಳೇ ಆ ಕಡೆ ನೋಡಲಿಲ್ಲ. ಬಗ್ಗಿದವಳು ಬಗ್ಗಿಯೇ ಇದ್ದಳು, ಎರಡೂ ಸಾಲು ಹಚ್ಚುತ್ತಲೇ ಇದ್ದಳು. ನಾನು ಈ ಗದ್ದೆಗಳಲ್ಲಿ ಎಂಥೆಂಥ ಗಟ್ಟಿ ಆಳುಗಳನ್ನು ನೋಡಿದ್ದೇನೆ. ಇಷ್ಟು ಗಟ್ಟಿಯಾದವಳನ್ನು ನೋಡಿಲ್ಲ.

"ಏ ಗಾಳೆಮ್ಮ, ಮಗಳು ಉಣ್ಣಾಕ ಹತ್ಯಾಳ ನೋಡ!" ಎಂದು ದುರುಗವ್ವ ಕೂಗಿದಳು.

"ಅತ್ತಿ ಅದಾಳಲ್ಲ, ನಾ ಯಾಕ ನೋಡ್ಲಿ?" ಅಂದಳು ಗಾಳೆಮ್ಮ, ತಲೆ ಎತ್ತದೆ. "ನೀವು ಸಾಲು ಹಿಡೀರಿ. ಎಲ್ಲಾರೂ ಹಿಂದ ಬಿದ್ದೀರಿ."

ಹೆಂಗಸರೆಲ್ಲ ಕಣ್ಣೊರೆಸಿಕೊಂಡು ಬಗ್ಗಿದರು.