ಕತ್ತಿನ ಸ್ಪೀಕರು, ಮೇಲೆ ಎರಡಿಂಚು

ಗುರ್, ಗುರ್ ಎಂದಿತು, ಎರಡೇ ಸಲ, ಕತ್ತಿನ ಬುಡದ ಎಡಗಡೆ ಎಲುಬಿನ ಮೇಲೆ, ಅಷ್ಟಕ್ಕೇ ಅವಳ ಬಲಗೈ ಹೊಲಿಗೆ ಬಿಚ್ಚುವುದನ್ನು ಬಿಟ್ಟು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲಿಗೆ ಹೋಗಿಬಿಟ್ಟಿತ್ತು — ಥೂ, ಮತ್ತೆ! ಈ ಕೈಗೆ ಬುದ್ಧಿ ಹೇಳಿ ಹೇಳಿ ಸಾಕಾಯಿತು, ಯಾರೂ ಅಳತೆ ಕೂಗಿಲ್ಲ, ಬರೆಯುವುದೇನೂ ಇಲ್ಲ, ಕತ್ತಿನ ಸ್ಪೀಕರಿನ ಚಾರ್ಜು ಮುಗಿಯುತ್ತಾ ಬಂದಿದೆ ಅಷ್ಟೇ, ಮಗಳು ಮೊದಲೇ ಹೇಳಿದ್ದಳಲ್ಲ, ಚಾರ್ಜು ಕಮ್ಮಿ ಆದ್ರೆ ಎರಡೆರಡು ಸಲ ನಡುಗತ್ತೆ ಕಣಮ್ಮ, ಹೆದರ್ಕೋಬೇಡ. ಹೆದರುವುದೇನು ಬಂತು, ಹೆದರಿದ್ದರೆ ಚೆನ್ನಾಗಿತ್ತು, ಹೆದರದೆ ಇದ್ದದ್ದಕ್ಕೇ ತಾನೇ ಈಗ ನರ್ಸಮ್ಮನ ಬಿಳಿ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ತಾನೇ ಹೊಲಿದ ಹೊಲಿಗೆಯನ್ನು ತಾನೇ ಬಿಚ್ಚುತ್ತಾ ಕೂತಿರುವುದು, ನಾಲ್ಕೂಕಾಲು ಆಗಿದೆ, ಐದಕ್ಕೆ ಪಾರ್ಸಲಿನವನು ಬರುತ್ತಾನೆ, ಏಳು ದಿನ ಹಾಕ್ಕೊಂಡು ನೋಡು, ಇಷ್ಟ ಆದ್ರೆ ಇಟ್ಕೋ, ಇಲ್ಲಾಂದ್ರೆ ವಾಪಸ್, ಯಾರೂ ಏನೂ ಕೇಳಲ್ಲ ಎಂದಿದ್ದಳು ಮಗಳು, ಇವತ್ತಿಗೆ ಏಳನೆಯ ದಿನ, ಇನ್ನು ಮುಕ್ಕಾಲು ಗಂಟೆಯೊಳಗೆ ಇದನ್ನು ಇಟ್ಟುಕೊಳ್ಳಬೇಕೋ ಕೊಟ್ಟು ಕಳಿಸಬೇಕೋ ಎಂದು ಅವಳು ತೀರ್ಮಾನ ಮಾಡಬೇಕು.

ಇಟ್ಟುಕೊಳ್ಳುವಂಥದ್ದೇ, ಸುಳ್ಳು ಹೇಳಬಾರದು, ಕುದುರೆಯ ಲಾಳದ ಹಾಗೆ ಬಗ್ಗಿರುವ ಒಂದು ಪಟ್ಟಿ, ಕತ್ತಿನ ಹಿಂದಿನಿಂದ ಹಾಕಿಕೊಂಡರೆ ಎರಡು ತುದಿಯೂ ಎದೆಯ ಮೇಲೆ ಬಂದು ಕೂರುತ್ತವೆ, ಆ ತುದಿಗಳಿಂದ ಹಾಡು ಮೇಲಕ್ಕೆ ಬರುತ್ತದೆ, ಕಿವಿಯೊಳಗೆ ಏನನ್ನೂ ತುರುಕಬೇಕಾಗಿಲ್ಲ, ಹಾಡೂ ಕೇಳುತ್ತದೆ, ಹೊಲಿಗೆಯ ಯಂತ್ರದಲ್ಲಿ ಕಟ್ ಎಂದು ದಾರ ಹರಿದದ್ದೂ ಕೇಳುತ್ತದೆ, ಬಾಗಿಲಲ್ಲಿ ಗಿರಾಕಿ ಕೆಮ್ಮಿದ್ದೂ ಕೇಳುತ್ತದೆ, ಅದಕ್ಕೇ ಮಗಳು ಇದನ್ನೇ ಆರಿಸಿದ್ದು, ಜಾಣೆ, ಅಪ್ಪನ ಹಾಗೆ. ಆದರೆ ಒಂದು ಗಂಟೆ ಕಳೆದರೆ ಕತ್ತಿನ ಹಿಂದೆ ಬೆವರು, ಬಗ್ಗಿ ಬಟ್ಟೆ ಕತ್ತರಿಸುವಾಗ ಮುಂದಕ್ಕೆ ಜಾರಿ ಗಲ್ಲಕ್ಕೆ ಬಡಿಯುತ್ತದೆ, ಮತ್ತೆ ಹಾಡು ತನ್ನೊಬ್ಬಳಿಗೇ ಎಂದುಕೊಂಡಿದ್ದು ಬರೀ ಭ್ರಮೆ, ಎರಡನೆಯ ದಿನವೇ ಎದುರಿನ ಗಡಿಯಾರ ರಿಪೇರಿಯವನು ಬೀದಿ ದಾಟಿ ಬಂದು, ಅಕ್ಕಾ, ಆ ಮೂರನೇ ಹಾಡು ಇನ್ನೊಂದ್ಸಲ ಹಾಕಿ, ಅದು ಚೆನ್ನಾಗಿತ್ತು ಅಂದ, ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ಹಣೆಗೇರಿಸಿ ಇವಳ ಕತ್ತನ್ನೇ ನೋಡುತ್ತಾ, ಎತ್ತಿಗೆ ನೊಗ ಹಾಕ್ದಂಗಿದೆಯಲ್ಲಕ್ಕ ಎಂದು ಹಲ್ಲು ಕಿರಿದ, ಹೋಗೋ, ನಿನ್ನ ಗಡಿಯಾರಗಳು ಒಂದಾದ್ರೂ ಸರಿಯಾದ ಟೈಮು ತೋರಿಸ್ತವಾ ನೋಡ್ಕೋ ಹೋಗು ಎಂದು ಅಟ್ಟಿದ್ದಳು. ಆದರೂ ಅವನು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ, ಇಷ್ಟು ವರ್ಷ ಆ ಕತ್ತಿನಲ್ಲಿ ಇದ್ದದ್ದು ಅಳತೆಯ ಟೇಪು, ಹಳದಿ ಬಣ್ಣದ್ದು, ತುದಿಯ ತಗಡು ಸವೆದದ್ದು, ಅದು ಈ ಏಳು ದಿನದಿಂದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಮುನಿಸಿಕೊಂಡ ಅತ್ತೆಯ ಹಾಗೆ.

ಅದು ಅವಳ ಟೇಪೂ ಅಲ್ಲ ಅನ್ನಿ, ಮೇಷ್ಟ್ರದ್ದು. ಗಂಡನೇ, ಆದರೆ ಊರಿಗೆಲ್ಲ ಕತ್ತರಿ ಮೇಷ್ಟ್ರು, ಮದುವೆಯಾದ ಹೊಸದರಲ್ಲಿ ಏನಂತ ಕರೆಯಬೇಕೋ ತಿಳಿಯದೆ ಅವಳೂ ಮೇಷ್ಟ್ರೇ ಅಂದಳು, ಅದೇ ಉಳಿದುಬಿಟ್ಟಿತು. ಮೇಷ್ಟ್ರು ಅಳತೆ ತೆಗೆದು ಕೂಗುವುದು, ಅವಳು ಮೂಲೆಯ ಸ್ಟೂಲಿನಲ್ಲಿ ಕೂತು ಪುಸ್ತಕದಲ್ಲಿ ಬರೆಯುವುದು, ಭುಜ ಹದಿನೆಂಟು, ತೋಳು ಇಪ್ಪತ್ನಾಲ್ಕು, ಎದೆ ನಲವತ್ತು, ಇಷ್ಟರತನಕ ಗಂಟಲು ಒಂದೇ ಸಮ, ಟೇಪು ಸೊಂಟಕ್ಕೆ ಇಳಿದ ಕೂಡಲೇ ದನಿಗೆ ಸ್ವಲ್ಪ ಬೆಣ್ಣೆ ಹತ್ತಿಕೊಳ್ಳುತ್ತಿತ್ತು, ಸೊಂಟ ಮೂವತ್ತಾರು! ಎಂದು ಬೀದಿಗೆಲ್ಲ ಕೇಳುವ ಹಾಗೆ, ಹೊಟ್ಟೆ ಒಳಕ್ಕೆ ಎಳೆದುಕೊಂಡು ನಿಂತ ಗಿರಾಕಿ ಹೆಂಡತಿಯ ಕಡೆ ತಿರುಗಿ, ನೋಡಿದ್ಯಾ, ಮೂವತ್ತಾರೇ, ಎಂದು ಬೀಗುತ್ತಿದ್ದ, ಅಷ್ಟರಲ್ಲಿ ಮೇಷ್ಟ್ರು ಏನೂ ಅರಿಯದವರ ಹಾಗೆ ಕತ್ತರಿಯ ಹಿಡಿಯಿಂದ ಮೇಜಿನ ಅಂಚಿಗೆ ಟಕ್, ಟಕ್. ಎರಡು ಕುಟ್ಟು ಅಂದರೆ ಎರಡಿಂಚು ಸೇರಿಸು ಅಂತ. ಅವಳು ಮೂವತ್ತೆಂಟು ಎಂದು ಬರೆಯುತ್ತಿದ್ದಳು, ಮುಖದ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಊರಿನ ಅರ್ಧ ಗಂಡಸರು ಮೂವತ್ತಾರರ ಸೊಂಟ ಎಂಬ ಭರವಸೆಯಲ್ಲೇ ಬದುಕಿ ಮುದುಕರಾದರು, ಪ್ಯಾಂಟು ಮಾತ್ರ ಯಾರಿಗೂ ಬಿಗಿಯಾಗಲಿಲ್ಲ, ಮೇಷ್ಟ್ರ ಕೈಗುಣ ಅಂದರು. ಕೈಗುಣವಂತೆ! ಪಾಪ, ಯಾಕ್ರೀ ಹೀಗೆ ಸುಳ್ಳು ಹೇಳ್ತೀರಿ ಎಂದು ಕೇಳಿದ್ದಳು ಒಮ್ಮೆ, ಸುಳ್ಳೆಲ್ಲಿ ಬಂತೇ, ಕೂಗೋದು ಅವರ ಮರ್ಯಾದೆಗೆ, ಬರೆಯೋದು ಅವರ ಹೊಟ್ಟೆಗೆ, ಎರಡಕ್ಕೂ ಅಳತೆ ಬೇಕಲ್ಲ ಎಂದರು. ಮೇಜಿನ ಅಂಚಿನಲ್ಲಿ ಆ ಎರಡು ಗುಳಿಗಳು ಇವತ್ತಿಗೂ ಇವೆ, ಅಕ್ಕಪಕ್ಕ, ಬೆರಳಿಟ್ಟರೆ ಬೆರಳ ತುದಿ ಕೂರುವಷ್ಟು ಆಳ.

ಒಂದೇ ಒಂದು ಸಲ ತಪ್ಪಿತ್ತು, ಬ್ಯಾಂಡ್ ಮಾಸ್ತರನ ಕೋಟು. ಆಗ ಅಂಗಡಿಯಲ್ಲಿ ರೇಡಿಯೋ ಇತ್ತು, ನೂಲಿನ ಉಂಡೆಗಳ ಪಕ್ಕ, ಚರ್ಮದ ಚೀಲ ಹಾಕಿಕೊಂಡು ಗತ್ತಿನಿಂದ ಕೂತಿರುತ್ತಿತ್ತು, ಅವತ್ತು ಎಂಥದೋ ಕುಣಿತದ ಹಾಡು, ಡೋಲು ಬಡಿಯುತ್ತಿತ್ತು, ಅದರಲ್ಲಿ ಮೇಷ್ಟ್ರ ಟಕ್ ಟಕ್ ಕರಗಿಹೋಯಿತು, ಅವಳು ಕೂಗಿದ್ದನ್ನು ಕೂಗಿದ ಹಾಗೆ ಬರೆದಳು, ಬ್ಯಾಂಡ್ ಮಾಸ್ತರ ಮೆರವಣಿಗೆಯ ನಡುಮಧ್ಯದಲ್ಲಿ ದೊಡ್ಡ ತುತ್ತೂರಿಗೆ ಉಸಿರು ತುಂಬಿದ ನೋಡಿ — ಮೂರು ಗುಂಡಿ ಹಾರಿ ಒಂದು ಹೋಗಿ ಜಾಗಟೆಗೆ ಬಡಿದು ಠಣ್ ಎಂದಿತಂತೆ, ಅದೂ ವಾದ್ಯದಲ್ಲೇ ಸೇರಿತು ಅಂದರು ಜನ. ಅವತ್ತಿನಿಂದ ಕಟ್ಟಪ್ಪಣೆ, ಟೇಪು ಕತ್ತಿನಿಂದ ಇಳಿದರೆ ರೇಡಿಯೋ ಬಾಯಿ ಮುಚ್ಚಬೇಕು. ಎಷ್ಟು ಒಳ್ಳೆಯ ಹಾಡುಗಳು ಪಲ್ಲವಿಯಲ್ಲೇ ನಿಂತುಹೋದವು, ಗಿರಾಕಿ ಹೋದ ಮೇಲೆ ಮೇಷ್ಟ್ರು ಮತ್ತೆ ಹಾಕುವಷ್ಟರಲ್ಲಿ ಕೊನೆಯ ಸಾಲು, ಅವರಿಬ್ಬರಿಗೂ ಯಾವ ಹಾಡಿನ ಮಧ್ಯದ ಸಾಲೂ ಬರುತ್ತಿರಲಿಲ್ಲ, ಈಗ ಈ ಕತ್ತಿನ ಸ್ಪೀಕರಿನಲ್ಲಿ ಅವೇ ಹಾಡುಗಳು ಪೂರ್ತಿ ಬರುತ್ತಿವೆ, ಮಧ್ಯದ ಸಾಲು ಬಂದಾಗಲೆಲ್ಲ ಅವಳಿಗೆ ಯಾರದೋ ಮನೆಯೊಳಗೆ ಹೊಕ್ಕ ಹಾಗೆ ಆಗುತ್ತದೆ, ಇಲ್ಲಿ ಯಾರೋ ಸೊಂಟ ಎಳೆದುಕೊಂಡು ನಿಂತಿರಬೇಕಿತ್ತಲ್ಲ, ಇಲ್ಲಿ ಮೇಷ್ಟ್ರು ಕೂಗಬೇಕಿತ್ತಲ್ಲ.

ಅವರು ಹೋಗಿ ಎರಡು ವರ್ಷ. ಟೇಪು ಅವಳ ಕತ್ತಿಗೆ ಬಂತು, ಅಳತೆ ತಾನೇ ತೆಗೆಯುತ್ತಾಳೆ, ತಾನೇ ಕೂಗುತ್ತಾಳೆ, ಮೂಲೆಯ ಖಾಲಿ ಸ್ಟೂಲಿನ ಕಡೆ ತಿರುಗಿ, ಭುಜ ಹದಿನೇಳು ಬರ್ಕೊಳ್ಳಿ, ಆಮೇಲೆ ನಾಲ್ಕು ಹೆಜ್ಜೆ ನಡೆದು ಹೋಗಿ ತಾನೇ ಬರೆದುಕೊಳ್ಳುತ್ತಾಳೆ, ಸೊಂಟ ನಲವತ್ತಾದರೆ ನಲವತ್ತು ಎಂದೇ ಕೂಗುತ್ತಾಳೆ, ಕುಟ್ಟುವವರೇ ಇಲ್ಲದ ಮೇಲೆ ಕಡಿಮೆ ಹೇಳಿ ಮಾಡುವುದೇನು, ಎರಡು ವರ್ಷದಿಂದ ಈ ಅಂಗಡಿಯಲ್ಲಿ ಯಾರ ಸೊಂಟಕ್ಕೂ ಮರ್ಯಾದೆ ಇಲ್ಲ. ಯಾರೋ ಹೋಗಿ ಮಗಳ ಕಿವಿಗೆ ಹಾಕಿದ್ದಾರೆ, ನಿಮ್ಮಮ್ಮ ಒಬ್ಬೊಬ್ಬರೇ ಮಾತಾಡ್ತಾರೆ, ಸ್ಟೂಲಿನ ಜೊತೆ ಮಾತಾಡ್ತಾರೆ ಅಂತ, ಮಗಳು ಬಂದಳು, ಕಣ್ಣು ಕೆಂಪಗಿತ್ತು, ಅತ್ತಿದ್ದಾಳೆ ಎಂದು ಗೊತ್ತಾಯಿತು, ಅಮ್ಮಾ, ನಿಂಗೆ ಜೊತೆಗೊಂದು ಸದ್ದು ಬೇಕು ಅಷ್ಟೇ, ಇದು ಹಾಕ್ಕೋ, ಹಾಡು ಕೇಳ್ತಾ ಇರು, ಆಗ ಆ ಮಾತು ನಿಲ್ಲತ್ತೆ ಎಂದು ಕತ್ತಿನಿಂದ ಟೇಪು ತೆಗೆದು ಮೊಳೆಗೆ ಹಾಕಿ ಇದನ್ನು ಹಾಕಿದಳು, ಪಾಪ ಮಗು, ನಲವತ್ತು ದಾಟಿದರೂ ಮಗು. ಮಾತು ನಿಂತದ್ದೂ ನಿಜ. ಮೂರು ದಿನ ಸ್ಟೂಲಿನ ಕಡೆ ತಿರುಗಲೇ ಇಲ್ಲ, ಹಾಡು ಬರುತ್ತಿರುವಾಗ ಕೂಗುವುದು ಹೇಗೆ, ಮೂರನೆಯ ದಿನ ಸಂಜೆ ಮೇಷ್ಟ್ರ ಗಂಟಲು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ಒಂದು ಗಳಿಗೆ ಸಿಗಲೇ ಇಲ್ಲ.

ನಾಲ್ಕನೆಯ ದಿನ ಈ ನರ್ಸಮ್ಮ ಬಂದಳು, ಕಡ್ಡಿಯಂಥ ಹುಡುಗಿ, ಮೂರು ಆಸ್ಪತ್ರೆಯ ಕೆಲಸ ಒಬ್ಬಳೇ ಮಾಡುವವಳ ಹಾಗೆ ಗಡಿಬಿಡಿ, ಇವಳು ಟೇಪನ್ನು ಮೊಳೆಯಿಂದ ತಂದು ಹುಡುಗಿಯ ಸೊಂಟಕ್ಕೆ ಸುತ್ತಿದಳು, ಇಪ್ಪತ್ತೆಂಟು, ಅಷ್ಟರಲ್ಲಿ ಎಲುಬಿನ ಮೇಲೆ ಗುರ್, ಗುರ್ — ಕೈ ತಾನಾಗಿ ಹೋಗಿ ಮೂವತ್ತು ಎಂದು ಬರೆಯಿತು, ಎದೆಗೂ ಎರಡು ಸೇರಿಸಿತು, ಅವಳು ಯೋಚಿಸಲೂ ಇಲ್ಲ, ಯೋಚಿಸುವ ಕೆಲಸವೇ ಅಲ್ಲ ಅದು, ಎರಡು ಕುಟ್ಟು ಬಿತ್ತು, ಎರಡಿಂಚು ಸೇರಿತು. ಇವತ್ತು ಮಧ್ಯಾಹ್ನ ನರ್ಸಮ್ಮ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಅಮ್ಮಾ, ಇದರೊಳಗೆ ನಾನೊಬ್ಬಳು, ಇನ್ನೊಬ್ಬರನ್ನ ನೀವೇ ಹುಡುಕಿ ಕೊಡ್ಬೇಕು ಎಂದು ನಕ್ಕಳು, ಅವಳಿಗೆ ಮಾತ್ರ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ, ಬ್ಯಾಂಡ್ ಮಾಸ್ತರನ ನಂತರ ಇದೇ ಮೊದಲು, ಅದೂ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ. ಹೋಗಲಿ, ಇನ್ನೇನು ಬೇಕು ಕಾರಣ, ಹೊಲಿಗೆಯವಳಿಗೆ ಅಳತೆ ಕೆಡಿಸುವ ಒಡವೆ ಯಾಕೆ, ಕೊಟ್ಟು ಕಳಿಸುವುದೇ ಸರಿ, ಮಗಳಿಗೆ ಹೇಳಿದರಾಯಿತು, ಸೆಖೆ ಆಗತ್ತೆ ಕಣೇ, ಜಾರತ್ತೆ ಕಣೇ ಅಂತ. ಅವಳು ಸ್ಪೀಕರನ್ನು ಕತ್ತಿನಿಂದ ತೆಗೆದಳು, ಕತ್ತು ತಣ್ಣಗಾಯಿತು, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿ ಮೇಜಿನ ಅಂಚಿಗೆ ಸರಿಸಿದಳು, ಮೊಳೆಯಿಂದ ಟೇಪು ತಂದು ಹಾಕಿಕೊಂಡಳು, ಹಗುರ, ಏನೂ ಹಾಕಿಕೊಂಡಿಲ್ಲವೇನೋ ಅನ್ನುವಷ್ಟು ಹಗುರ, ಮತ್ತೆ ಮೂಲೆಯ ಸ್ಟೂಲು ನೋಡಿದಳು — ಕೊನೆಗೆ ಆಸ್ಪತ್ರೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದವಳು ಅವಳೇ, ಮಲಗಿದ್ದವರು ಮೇಷ್ಟ್ರು, ಮಾತು ನಿಂತು ನಾಲ್ಕು ದಿನ ಆಗಿತ್ತು, ಅವಳು ಅವರ ಬಾಯಿಂದ ಜ್ವರದ ಕಡ್ಡಿ ತೆಗೆದು ಬೆಳಕಿಗೆ ಹಿಡಿದಳು, ನೂರಾ ಮೂರು, ನುಂಗಿಕೊಂಡು, ನೂರಾ ಒಂದೇ ರೀ, ಇಳೀತಾ ಇದೆ ಎಂದಳು, ಬೆಣ್ಣೆ ಹಚ್ಚಿದ ದನಿಯಲ್ಲೇ, ಮೇಷ್ಟ್ರು ಕಣ್ಣು ಬಿಡಲಿಲ್ಲ, ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಅವರ ಬೆರಳು ಎದ್ದಿತು, ಉಂಗುರ ಇತ್ತು ಆ ಬೆರಳಲ್ಲಿ, ಟಕ್, ಟಕ್. ತುಟಿಯ ಒಂದು ಮೂಲೆ ನಕ್ಕಿತು. ನನ್ನ ಹತ್ತಿರವೇನೇ ಕಳ್ಳಿ, ಎಂದ ಹಾಗೆ. ಅವಳು ಅಲ್ಲೇ ಅವರ ಕೈಮೇಲೆ ಹಣೆಯಿಟ್ಟು ಅತ್ತುಬಿಟ್ಟಿದ್ದಳು, ಅದೇ ಕೊನೆಯ ಮಾತು, ಮಾತೇ ಅದು.

ಪಾರ್ಸಲಮ್ಮಾ! ಐದಕ್ಕೆ ಇನ್ನೂ ಐದು ನಿಮಿಷ ಇದೆ, ಇವನಿಗೇನು ಅವಸರ, ಬಾಗಿಲಲ್ಲಿ ದಪ್ಪಗೆ ಒಬ್ಬ, ಬೆವರು ಒರೆಸಿಕೊಳ್ಳುತ್ತಿದ್ದಾನೆ, ಕಂಪನಿಯ ಅಂಗಿ ಹೊಟ್ಟೆಯ ಮೇಲೆ ಬಿರಿಯುತ್ತಿದೆ, ಯಾವ ಪುಣ್ಯಾತ್ಮ ಕೂಗಿದ್ದನ್ನು ಕೂಗಿದ ಹಾಗೆ ಬರೆದುಕೊಂಡನೋ, ವಾಪಸ್ ಇದೆಯಲ್ವಾ ತಾಯಿ, ಇದೇನಾ, ಎಂದು ಫೋನು ತೆಗೆದ, ಒಂದು ಕಾರಣ ಒತ್ತಬೇಕು, ಇಲ್ಲಾಂದ್ರೆ ಮುಂದಕ್ಕೇ ಹೋಗಲ್ಲ ಇದು, ಸದ್ದು ಸರಿಯಿಲ್ವಾ, ಇದೆಯಪ್ಪ, ಚೆನ್ನಾಗೇ ಇದೆ, ಒಡೆದಿತ್ತಾ, ಇಲ್ಲಪ್ಪ, ಮತ್ತೆ, ಬೇಕಾಗಿಲ್ಲ ಅಂತ ಹಾಕ್ಲಾ, ಯಾರೂ ಏನೂ ಕೇಳಲ್ಲ ಎಂದಿದ್ದಳು ಮಗಳು, ಇವನು ನೋಡಿದರೆ ಕೋರ್ಟಿನವನ ಹಾಗೆ ಕೇಳುತ್ತಿದ್ದಾನೆ, ಹೂಂ, ಹಾಕ್ಕೋಪ್ಪ, ಬೇಕಾಗಿಲ್ಲ ಎಂದಳು, ದನಿಗೆ ಎಲ್ಲಿಂದಲೋ ಆ ಬೆಣ್ಣೆ ಬಂದು ಹತ್ತಿಕೊಂಡಿತ್ತು, ಅವಳಿಗೇ ಕೇಳಿಸಿತು, ಬೇಕಾಗಿಲ್ಲ, ನಂಗೇನೂ ಬೇಕಾಗಿಲ್ಲ — ಪೆಟ್ಟಿಗೆಯೊಳಗೆ ಇಡುವಾಗ ಹಾಡು ನಿಲ್ಲಿಸಿದ್ದಳೇ ಹೊರತು ಸ್ಪೀಕರನ್ನು ಆಫ್ ಮಾಡಿರಲಿಲ್ಲ, ಮಗಳು ಎಷ್ಟು ಸಲ ಹೇಳಿಕೊಟ್ಟರೂ ಆ ಗುಂಡಿ ಅವಳಿಗೆ ಸಿಗುವುದಿಲ್ಲ, ಮೇಜಿನ ಅಂಚಿನಲ್ಲಿ, ಮರದ ಮೇಲೆ, ಆ ಎರಡು ಗುಳಿಗಳ ಪಕ್ಕದಲ್ಲೇ, ಪೆಟ್ಟಿಗೆ ಅಲುಗಿತು, ಟಕ್, ಟಕ್.

ಪಾರ್ಸಲಿನವನ ಬೆರಳು ಫೋನಿನ ಮೇಲೆ ನಿಂತಿತ್ತು, ಒತ್ಲಾ ತಾಯಿ, ಎಂದು ಕೇಳಿದ, ಅವಳ ಒಂದು ಕೈ ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಿತ್ತು, ಇನ್ನೊಂದು ಕಿವಿಯ ಮೇಲಿನ ಪೆನ್ಸಿಲ್ಲಿಗೆ ಹೋಗಿತ್ತು, ಬೇಡಪ್ಪ, ಇರ್ಲಿ, ಎಂದಳು, ಕೂಗಿದ್ದು ಒಂದು, ಬರೆಯಬೇಕಾದದ್ದು ಒಂದು, ಇರ್ಲಿ ಬಿಡು, ಮಗಳಿಗೆ ಏನು ಹೇಳುವುದು, ಅಂಗೈ ಪೆಟ್ಟಿಗೆಯ ಮೇಲೆ, ಬೆರಳು ಗುಳಿಯಲ್ಲಿ, ಇನ್ನೊಂದು ಸಲ, ಚಾರ್ಜು ಮುಗಿಯುವುದರೊಳಗೆ ಇನ್ನೊಂದೇ ಒಂದು ಸಲ, ಬೆರಳು ಗುಳಿಯಲ್ಲಿ, ಟಕ್, ಟಕ್.