ಇಳಿಜಾರು ಶುರುವಾಗುವ ಮುಂಚೆ

ಲಾರಿಯ ಅಡಿಯಿಂದ ಮೆಕ್ಯಾನಿಕ್‌ನ ಕಾಲುಗಳು ಮಾತ್ರ ಕಾಣುತ್ತಿದ್ದವು. ಅರ್ಧ ಗಂಟೆಯಿಂದ ಅವು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ, ಹಿಂದಿನದರಿಂದ ಮುಂದಿನದಕ್ಕೆ ಸರಿದಾಡಿ ಕೊನೆಗೆ ಸುಮ್ಮನಾದವು.

"ಏನೂ ಇಲ್ಲ," ಎಂದು ಒಳಗಿನಿಂದಲೇ ದನಿ ಬಂತು.

"ಇನ್ನೊಂದ್ಸಲ ನೋಡಿ. ಟಿಕ್ ಟಿಕ್ ಅಂತಿತ್ತು. ರಸ್ತೆ ಉಬ್ಬಿದ ಕಡೆಯೆಲ್ಲ ಎರಡೆರಡು ಸಲ," ಎಂದ ಪಕ್ಕದಲ್ಲಿ ಬಗ್ಗಿ ನಿಂತಿದ್ದ ಡ್ರೈವರ್.

"ಅರವತ್ತು ಕಿಲೋಮೀಟರ್ ಬೈಕಲ್ಲಿ ಬಂದಿದೀನಿ ಸ್ವಾಮಿ, ಸುಮ್ನೆ ಮಲಗೋಕಾ?"

ಮೆಕ್ಯಾನಿಕ್ ಹೊರಗೆ ತೆವಳಿ ಬಂದು, ಬೆನ್ನು ಝಾಡಿಸಿಕೊಂಡು, ಕ್ಯಾಬಿನ್ ಹತ್ತಿ ಲಾರಿಯನ್ನು ಹತ್ತು ಮಾರು ಮುಂದಕ್ಕೆ ಬಿಟ್ಟ. ಟಿಕ್. ಎಂಜಿನ್ ಆರಿಸಿ ಸೀಟಿನ ಹಿಂದೆ ಕೈ ಹಾಕಿದ. ಊಟದ ಡಬ್ಬಿಗೂ ಸೀಟಿನ ಕಬ್ಬಿಣದ ಕಾಲಿಗೂ ನಡುವೆ ಸಿಕ್ಕಿಕೊಂಡಿದ್ದ ಸ್ಟೀಲಿನ ಚಮಚವೊಂದು ಅವನ ಕೈಯಲ್ಲಿ ಬಂತು. ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಕೆಳಗೆ ಚಾಚಿದ.

"ತಗೊಳ್ಳಿ. ಹೋಗಿದ್ದ ಪಾರ್ಟು ಸಿಕ್ತು."

ಆಗ ಮಧ್ಯಾಹ್ನ ಮೂರು ದಾಟಿತ್ತು. ಬೆಟ್ಟದ ಇಳಿಜಾರು ಶುರುವಾಗುವ ಮುಂಚಿನ ಅಗಲವಾದ ಜಾಗದಲ್ಲಿ ಡ್ರೈವರ್ ಲಾರಿ ನಿಲ್ಲಿಸಿದ್ದು ಹನ್ನೊಂದಕ್ಕೆ. ಹಿಂದೆ ಹದಿನೆಂಟು ಟನ್ ಕಾಗದದ ಸುರುಳಿಗಳಿದ್ದವು. ನಾಲ್ಕು ಗಂಟೆಗೆ ಅಚ್ಚಿನ ಮನೆ ಮುಟ್ಟಬೇಕಿತ್ತು. ಮುಟ್ಟುವಾಗ ಏಳೂವರೆ. ಲೋಡು ಇಳಿಸುವವರು ಮನೆಗೆ ಹೋಗಿಯಾಗಿತ್ತು. ಅಚ್ಚಿನ ಯಂತ್ರ ಆ ರಾತ್ರಿಯೆಲ್ಲ ಖಾಲಿ ನಿಂತಿತ್ತು.

ಅದು ಲಾರಿ ಕೆಲಸದಲ್ಲಿ ಅವನ ಏಳನೇ ತಿಂಗಳು. ಅದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಅವನು ವಾಚು ರಿಪೇರಿ ಮಾಡಿಕೊಂಡಿದ್ದವನು. ಔಷಧದ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ. ಜನ ಫೋನಿನಲ್ಲೇ ಗಂಟೆ ನೋಡತೊಡಗಿದ ಮೇಲೆ ಅವನ ಬಳಿಗೆ ಬರುತ್ತಿದ್ದವರು ಸೆಲ್ ಹಾಕಿಸಿಕೊಳ್ಳುವವರು, ಪಟ್ಟಿ ಬದಲಿಸುವವರು, ಮತ್ತು ಔಷಧದ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ ಎಂದು ಕೇಳುವವರು. ನಲವತ್ತೊಂದನೆಯ ವಯಸ್ಸಿಗೆ ಅವನು ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿದಾಗ ಅತ್ತೆ ತಮ್ಮ ಮಗಳ ಕಿವಿಯಲ್ಲಿ, "ಒಂದು ತಿಂಗಳು ನೋಡು, ವಾಪಸ್ ಬರ್ತಾನೆ," ಎಂದಿದ್ದರು. ಪಿಸುಮಾತೇ ಆಗಿದ್ದರೂ ಅತ್ತೆಗೆ ಕಿವಿ ಮಂದವಾದ್ದರಿಂದ ಅದು ಪಕ್ಕದ ಮನೆಗೂ ಕೇಳಿಸಿತ್ತು.

ಅವನು ವಾಪಸ್ ಬರಲಿಲ್ಲ. ಮೊದಲ ಎರಡು ತಿಂಗಳು ತಾತ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ಡ್ರೈವರ್ ಜೊತೆ ಓಡಾಡಿದ. ರಿವರ್ಸಿನಲ್ಲಿ ಟ್ರೇಲರ್ ಬಲಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಎಡಕ್ಕೆ ತಿರುಗಿಸಬೇಕೆಂಬುದು ಬುದ್ಧಿಗೆ ಒಂದೇ ದಿನದಲ್ಲಿ ಹತ್ತಿತು, ಕೈಗೆ ಹತ್ತಲು ಆರು ವಾರ ಹಿಡಿಯಿತು. ಗೋದಾಮಿನ ಬಾಗಿಲಿಗೆ ಹಿಂದಕ್ಕೆ ಬಿಡುವಾಗ ಹದಿನಾಲ್ಕು ಸಲ ಇಳಿದು ನೋಡಿದ್ದಕ್ಕೆ ಕಾವಲುಗಾರ, "ಏನ್ ಸಾರ್, ಜಾಗ ಅಳತೆ ಮಾಡಿ ಮನೆ ಕಟ್ತೀರಾ?" ಎಂದು ಕೇಳಿದ್ದ. ತಾತ ಮಾತ್ರ ನಗುತ್ತಿರಲಿಲ್ಲ. "ನಿಂತ ಕಡೆಯೆಲ್ಲ ಗಾಡಿಗೆ ಒಂದು ಸುತ್ತು ಬಾ. ಹೊಟ್ಟೆ ಎಷ್ಟೇ ಕೂಗಲಿ, ಮೊದಲು ಸುತ್ತು, ಆಮೇಲೆ ಊಟ," ಎನ್ನುತ್ತಿದ್ದರು. ಅವನ ಜೊತೆ ಕೆಲಸಕ್ಕೆ ಸೇರಿದ ಹನ್ನೊಂದು ಜನರಲ್ಲಿ ಆರು ತಿಂಗಳಿಗೇ ಆರು ಜನ ಬಿಟ್ಟು ಹೋಗಿದ್ದರು.

ಚಮಚದ ಸುದ್ದಿ ಅವನಿಗಿಂತ ಮೊದಲೇ ಕಂಪನಿಯ ಲಾರಿಗಳು ನಿಲ್ಲುವ ಯಾರ್ಡು ತಲುಪಿತ್ತು. ಮಾತಿಗಿಂತ ಮೊದಲು ಹಾರನ್ ಹೊಡೆಯುವ ಕಾರಣ 'ಹಾರನ್' ಎಂದೇ ಹೆಸರಾಗಿದ್ದ ಡ್ರೈವರ್ ಗೇಟಿನಲ್ಲೇ ಅವನನ್ನು ಹಿಡಿದ.

"ಬೆಟ್ಟ ಅಗೆದು ಇಲಿ ಹಿಡಿದೋರನ್ನ ಕೇಳಿದ್ದೆ ಕಣಪ್ಪ. ಬೆಟ್ಟದ ಮೇಲೆ ಲಾರಿ ನಿಲ್ಲಿಸಿ ಚಮಚ ಹಿಡಿದೋನ್ನ ಇವತ್ತೇ ನೋಡಿದ್ದು!"

ಅಂದಿನಿಂದ ಅವನು ಚಮಚ. ಮೇಲ್ವಿಚಾರಣೆಯ ಮೇಡಂ ಕೋಣೆಗೆ ಹೋಗಿ ಬಂದ ದಿನ ಆ ಹೆಸರಿಗೆ ಇನ್ನೊಂದು ಅರ್ಥವೂ ಸೇರಿಕೊಳ್ಳುತ್ತಿತ್ತು. ಆದರೆ ಮೇಡಂ ಅವನನ್ನು ಕರೆಸಿದ್ದು ಹೊಗಳಲಿಕ್ಕಲ್ಲ.

"ಮೊದಲ ವರ್ಷ ಪರೀಕ್ಷೆ ಇದ್ದ ಹಾಗೆ. ಕಾರಣ ಇಲ್ಲದೆ ತಡ ಅಂತ ಒಂದು ಬರೆದಿದೀನಿ. ಇನ್ನೊಂದು ಬಂದ್ರೆ ದೂರದ ಲೈನು ಬಿಡಿಸಿ ಯಾರ್ಡಲ್ಲೇ ಗಾಡಿ ಸರಿಸೋಕೆ ಹಾಕಬೇಕಾಗುತ್ತೆ," ಎಂದರು.

"ಸದ್ದು ಬಂತು ಮೇಡಂ."

"ಬಂತು, ನಾನು ಇಲ್ಲ ಅನ್ನಲ್ಲ. ಆದರೆ ಅಚ್ಚಿನ ಮನೆಯವರಿಗೆ ಏನ್ ಹೇಳ್ಲಿ, ನೀವೇ ಹೇಳಿ."

ಅವನು ಮನೆಗೆ ಬಂದು ಊಟಕ್ಕೆ ಕೂತು ಹೆಂಡತಿಗೆ ಹೇಳಿದ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಯ ತೋಳು ಬಿಚ್ಚುತ್ತಿದ್ದವಳು, ಮೊದಲು ತುಟಿ ಕಚ್ಚಿಕೊಂಡಳು, ಆಮೇಲೆ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವನು ತಟ್ಟೆ ಬಿಟ್ಟು ಎದ್ದ.

"ರೀ, ಕೂತ್ಕೊಳ್ಳಿ. ನಗಬಾರದಿತ್ತು. ಬಂದುಬಿಡ್ತು, ಏನ್ಮಾಡ್ಲಿ?"

"ನಗು, ನಗು. ಯಾರ್ಡೆಲ್ಲ ನಕ್ಕಾಗಿದೆ, ನಿಂದೊಂದು ಬಾಕಿ ಇತ್ತು."

"ಯಾರ್ಡಿನೋರು ನೀವು ಬಂದ್ರಾ ಇಲ್ವಾ ಅಂತ ಕಿಟಕೀಲಿ ನಿಂತಿರಲ್ಲ. ನಾನು ನಿಂತಿರ್ತೀನಿ." ಅವಳು ಕಣ್ಣೊರೆಸಿಕೊಂಡಳು. "ವಾರಕ್ಕೊಂದು ಚಮಚ ಹುಡುಕ್ಕೊಂಡು ಲೇಟಾಗಿ ಬನ್ನಿ, ನಂಗೇನೂ ಬೇಜಾರಿಲ್ಲ."

ಅವನು ಕೂತು ಉಂಡ. ಆದರೆ ಆ ಮಾತಿಗಿಂತ ಹಾರನ್‌ನ ಮಾತೇ ಒಳಗೆ ಉಳಿಯಿತು. ಚಹಾದಂಗಡಿಗಳ ಮುಂದೆ ಇಳಿದು ಗಾಡಿಗೆ ಸುತ್ತು ಬರತೊಡಗಿದರೆ ಬೆಂಚಿನ ಮೇಲಿಂದ ಯಾರಾದರೊಬ್ಬರು, "ಏನ್ ಬಿತ್ತಪ್ಪಾ, ಲೋಟಾನಾ?" ಎನ್ನುತ್ತಿದ್ದರು. ಮೊದಲು ಅವನು ಸುತ್ತನ್ನು ಬೇಗ ಮುಗಿಸತೊಡಗಿದ. ಆಮೇಲೆ ಅರ್ಧ ಸುತ್ತಾಯಿತು. ಹತ್ತನೇ ತಿಂಗಳ ಹೊತ್ತಿಗೆ ನೇರವಾಗಿ ಹೋಗಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದ. ತಡ ಒಂದೂ ಆಗಲಿಲ್ಲ.

ಹನ್ನೊಂದನೇ ತಿಂಗಳು ಯಾರ್ಡಿನ ವರ್ಕ್‌ಶಾಪಿನಲ್ಲಿ ಒಂದೇ ಬೆಳಿಗ್ಗೆ ಅವನದೂ ಸೇರಿ ಆರು ಲಾರಿಗಳ ಟಯರು ಬದಲಾಯಿಸಿದರು. ಹೊಸದಾಗಿ ಹಾಕಿದ ಚಕ್ರದ ನಟ್ಟುಗಳನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ಮಾಡಬೇಕು. ಇದು ಎಲ್ಲ ಡ್ರೈವರುಗಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಮರುದಿನ ಕಿಟಕಿ ಗಾಜಿನ ಲೋಡು ಹೊತ್ತು ಹೊರಟವನು ನೂರನೇ ಕಿಲೋಮೀಟರಿನ ಚಹಾದಂಗಡಿಯಲ್ಲಿ ಸ್ಪ್ಯಾನರ್ ತೆಗೆಯಲೆಂದೇ ನಿಲ್ಲಿಸಿದ. ಅದೇ ಕಡೆಗೆ ಸಿಮೆಂಟು ಸಾಗಿಸುತ್ತಿದ್ದ ಹಾರನ್ ಅಲ್ಲಿ ಲೋಟ ಹಿಡಿದು ಕೂತಿದ್ದ. ಇವನು ಸ್ಪ್ಯಾನರ್ ಮುಟ್ಟದೆ ಚಹಾ ಕುಡಿದು ಗಾಡಿ ಹತ್ತಿದ.

ಬೆಟ್ಟ ಹತ್ತುವಾಗ ಸದ್ದು ಕೇಳಿಸಿತು. ಇದು ಟಿಕ್ ಅಲ್ಲ, ಕಟ... ಕಟ. ಹಿಂದೆ, ಎಡಗಡೆ. ಫ್ಯಾನು ಆರಿಸಿದ. ಊಟದ ಡಬ್ಬಿಯ ಮೇಲೆ ಕೈ ಒತ್ತಿ ಹಿಡಿದ. ಸದ್ದು ನಿಲ್ಲಲಿಲ್ಲ. ಮುಂದೆ 'ಹದಿನಾಲ್ಕು ಕಿಲೋಮೀಟರ್ ಕಡಿದಾದ ಇಳಿಜಾರು' ಎಂಬ ಫಲಕ, ಅದರ ಪಕ್ಕ ಅದೇ ಅಗಲವಾದ ಜಾಗ. ಎಡಕ್ಕೆ ತಿರುಗುವ ದೀಪ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಹಾರನ್ ಕೂಗಿತು. ಸಿಮೆಂಟಿನ ಲಾರಿ ಪಕ್ಕಕ್ಕೆ ಬಂತು.

"ಏನೋ ಚಮಚ, ಊಟಕ್ಕಾ?"

ಅವನು ದೀಪ ಆರಿಸಿ ಮುಂದಕ್ಕೆ ಬಿಟ್ಟ. ಸಿಮೆಂಟಿನ ಲಾರಿ ದಾಟಿಕೊಂಡು ಹೋಗಿ ತಿರುವಿನಲ್ಲಿ ಮರೆಯಾಯಿತು. ಇನ್ನೂರು ಗಜ ಹೋದ. ಮುನ್ನೂರು. ಇನ್ನು ರಸ್ತೆ ತಲೆ ಬಗ್ಗಿಸುವುದಿತ್ತು. ಅಲ್ಲಿ ನಿಲ್ಲಿಸಲು ಜಾಗವೇ ಇರಲಿಲ್ಲ. ಅವನು ರಸ್ತೆಯ ಅಂಚಿನಲ್ಲೇ ನಿಲ್ಲಿಸಿದ. ಹಿಂದಿನ ಕಾರಿನವನು ಬೈದುಕೊಂಡು ಹೋದ.

ಇಳಿದು ಹಿಂದಕ್ಕೆ ನಡೆದ. ಎಡಗಡೆಯ ಹಿಂಬದಿ ಚಕ್ರದಲ್ಲಿ, ನಟ್ಟಿನ ಸುತ್ತ ತುಕ್ಕಿನ ಪುಡಿ ಗೆರೆಯಾಗಿ ಇಳಿದಿತ್ತು. ಬೆರಳು ಹಾಕಿದ. ನಟ್ಟು ತಿರುಗಿತು. ಪಕ್ಕದ್ದೂ ತಿರುಗಿತು. ಮೂರನೆಯದನ್ನು ಮುಟ್ಟಿ ನೋಡಿ ಅವನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ.

ಆಮೇಲೆ ನೆನಪಾಯಿತು: ಹಿಂದಿನ ದಿನ ವರ್ಕ್‌ಶಾಪಿನಲ್ಲಿ ತನ್ನ ಗಾಡಿಯ ಪಕ್ಕದಲ್ಲೇ ಚಕ್ರ ಹಾಕಿಸಿಕೊಂಡು ನಿಂತಿದ್ದದ್ದು ಸಿಮೆಂಟಿನ ಲಾರಿ. ಹಾರನ್‌ಗೆ ಫೋನು ಮಾಡಿದ. ಎತ್ತಲಿಲ್ಲ. ನಾಲ್ಕು ಸಲ ಮಾಡಿ ಮೇಡಂಗೆ ಮಾಡಿದ.

"ಎಲ್ಲಿದೀರಾ? ಮತ್ತೆ ನಿಂತ್ರಾ?"

"ನಟ್ಟು ಮೂರು ಸಡಿಲ, ಕೈಯಲ್ಲೇ ತಿರುಗ್ತಿವೆ. ನನ್ನದಿರಲಿ ಮೇಡಂ, ನಾನು ನಿಂತಿದೀನಿ. ಹಾರನ್ ಇಳಿಜಾರಲ್ಲಿದಾನೆ. ಅವನದ್ದೂ ಅದೇ ದಿನ ಹಾಕಿದ್ದು. ನನ್ನ ಫೋನು ಎತ್ತಲ್ಲ."

"ಎತ್ತೋವರೆಗೂ ನಾನು ಮಾಡ್ತೀನಿ. ನೀವು ಚಕ್ರಕ್ಕೆ ಕಲ್ಲು ಕೊಡಿ. ಮೆಕ್ಯಾನಿಕ್‌ಗೂ ಹೇಳ್ತೀನಿ."

ಅವನು ಕಲ್ಲು ಕೊಟ್ಟ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಅದರ ಮೇಲೆ ಹತ್ತಿ ನಿಂತು, ಒಂದೊಂದೇ ನಟ್ಟನ್ನು ಬಿಗಿದ. ಒಂದು ಚಕ್ರ ಮುಗಿಸಿ ಇನ್ನೊಂದು, ಅದನ್ನು ಮುಗಿಸಿ ಮತ್ತೊಂದು. ಕೈ ಕೆಲಸ ಮಾಡುತ್ತಿದ್ದರೂ ಕಿವಿ ಕೆಳಗಿನ ತಿರುವುಗಳ ಕಡೆಗೇ ಇತ್ತು. ಅಲ್ಲಿಂದ ಏನೂ ಕೇಳಿಸಲಿಲ್ಲ. ಹನ್ನೊಂದು ನಿಮಿಷದ ಮೇಲೆ ಫೋನು ಬಂತು.

"ನಿಲ್ಲಿಸಿದಾರೆ. ಐದನೇ ತಿರುವಲ್ಲಿ," ಎಂದರು ಮೇಡಂ. "ಒಂದು ನಟ್ಟು ಇಲ್ವೇ ಇಲ್ಲವಂತೆ. ನಾಲ್ಕು ಸಡಿಲ. ಅವರಿಗೆ ಸರಿಯಾಗಿ ಮಾತಾಡೋಕೂ ಆಗ್ತಿಲ್ಲ. ನಿಮ್ಮ ಗಾಡಿ ಇಳಿಯೋ ಹಾಗಿದ್ರೆ ನಿಧಾನಕ್ಕೆ ಅಲ್ಲಿವರೆಗೆ ಹೋಗಿ."

ಮುಂದಿನ ವಾರ ಉಳಿದ ನಾಲ್ಕು ಲಾರಿಗಳನ್ನೂ ತರಿಸಿ ನೋಡಿದರು. ಇನ್ನೊಂದರಲ್ಲೂ ನಟ್ಟು ಸಡಿಲವಿತ್ತು. ಮೇಡಂ ಅವನನ್ನು ಕರೆಸಿ, "ನೂರು ಕಿಲೋಮೀಟರಿಗೆ ನಿಲ್ಲಿಸಿ ಬಿಗಿ ಮಾಡಿದ್ರಾ?" ಎಂದು ಕೇಳಿದರು. ಇಲ್ಲ ಎಂದ. ಯಾಕೆ ಎಂದರು. ಚಹಾ ಕುಡಿದು ಹೊರಟೆ ಎಂದ. ಸದ್ದು ಕೇಳಿ ನಿಲ್ಲಿಸಿದ್ದನ್ನೂ ನಟ್ಟು ಬಿಗಿ ಮಾಡದ್ದನ್ನೂ ಎರಡನ್ನೂ ಅವರು ಅವನ ಹಾಳೆಯಲ್ಲಿ ಬರೆದರು. ವರ್ಷ ತುಂಬಿದಾಗ ಹನ್ನೊಂದು ಜನರಲ್ಲಿ ನಾಲ್ವರ ಹೆಸರು ಕಾಯಂ ಪಟ್ಟಿಗೆ ಹೋಯಿತು, ನಾಲ್ಕನೆಯದು ಅವನದು. ಅತ್ತೆ ಆ ಸುದ್ದಿಯನ್ನೂ ಪಿಸುಮಾತಿನಲ್ಲೇ ಹೇಳಿದರು, ಪಕ್ಕದ ಮನೆಯವರು ಬಂದು ಶುಭ ಕೋರಿದರು.

ಅದೆಲ್ಲ ಆಮೇಲಿನ ಮಾತು. ಆ ದಿನ ಅವನು ಸಣ್ಣ ಗೇರಿನಲ್ಲಿ, ಎರಡು ಕಡೆ ನಿಲ್ಲಿಸಿ ಚಕ್ರ ಮುಟ್ಟಿ ನೋಡಿ, ಐದನೇ ತಿರುವಿಗೆ ಇಳಿದಾಗ ಸಿಮೆಂಟಿನ ಲಾರಿ ಬಂಡೆಗೆ ಮೂತಿ ಕೊಟ್ಟು ನಿಂತಿತ್ತು. ಹಾರನ್ ತಡೆಗೋಡೆಯ ಮೇಲೆ ಕೂತಿದ್ದ. ಕೆಳಗೆ ಕಣಿವೆಯ ಗುಂಟ ಮೂರು ಸುತ್ತಿನಲ್ಲಿ ರಸ್ತೆ ಕಾಣುತ್ತಿತ್ತು, ಅದರ ಕೊನೆಗೆ ಒಂದು ಶಾಲೆ, ಒಂದು ಬಸ್ ನಿಲ್ದಾಣ.

ಇವನು ಅವನ ಚಕ್ರದ ಬಳಿ ಕೂತು ನೋಡಿದ. ಖಾಲಿ ಇದ್ದ ತೂತಿಗೆ ಬೆರಳು ಹಾಕಿ ತೆಗೆದ.

"ಮೆಕ್ಯಾನಿಕ್ ಬರಲಿ. ಇದನ್ನ ನಾವು ಮುಟ್ಟೋದು ಬೇಡ."

"ಹ್ಞೂಂ," ಎಂದ ಹಾರನ್.

"ಊಟ ಆಯ್ತಾ?"

ಹಾರನ್ ಇಲ್ಲವೆಂದು ತಲೆಯಾಡಿಸಿದ. ಎದ್ದು ಕ್ಯಾಬಿನ್‌ನಿಂದ ನೀರಿನ ಕ್ಯಾನೂ ಸೋಪಿನ ತುಂಡೂ ಇಳಿಸಿ ತಂದ. ಇವನು ಬಗ್ಗಿ ಎರಡೂ ಕೈ ಚಾಚಿದ. ಮೊಣಕೈವರೆಗೂ ಗ್ರೀಸು ಹತ್ತಿತ್ತು. ಹಾರನ್ ನಿಧಾನಕ್ಕೆ, ಒಂದೇ ಧಾರೆಯಾಗಿ, ಕೈ ಪೂರ್ತಿ ಬಿಳಿಯಾಗುವವರೆಗೂ ನೀರು ಹಾಕುತ್ತಲೇ ಇದ್ದ. ಕಪ್ಪು ನೀರು ರಸ್ತೆಯ ಅಂಚು ಹಿಡಿದು ಕೆಳಕ್ಕೆ ಹರಿಯಿತು.